ಒಂದೇ ಬಿಲ್, ಎರಡು ಸಾಲ: ಬ್ಲಾಕ್‌ಚೈನ್ ತಡೆಯುವುದು ಹೇಗೆ?

ನಮಸ್ಕಾರ. ಪೀಣ್ಯದಲ್ಲಿ ಒಂದು ಸಣ್ಣ ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಎರಡು ಲೇತ್ ಮೆಷಿನ್, ನಾಲ್ಕು ಜನ ಕೆಲಸಗಾರರು. ದೊಡ್ಡ ಕಂಪನಿಯೊಂದಕ್ಕೆ 5 ಲಕ್ಷ ರೂಪಾಯಿಯ ಬಿಡಿಭಾಗ ಕಳಿಸಿದ್ದಾರೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಎಷ್ಟೋ ಸಲ ಅದು ಮೂರು ತಿಂಗಳಿಗೂ ಕೈಗೆ ಬರುವುದಿಲ್ಲ. ನನಗೆ ತುಂಬಾ ಬೇಸರ ತರುವ ವಿಷಯ ಇದು. ಶನಿವಾರ ಬಂದರೆ ಬಟವಾಡೆ ಆಗಲೇಬೇಕು, ಅಲ್ವಾ?

ಇಂಥವರಿಗಾಗಿಯೇ ರಿಸರ್ವ್ ಬ್ಯಾಂಕ್ 'ಟ್ರೆಡ್ಸ್' ಎಂಬ ಆನ್‌ಲೈನ್ ವ್ಯವಸ್ಥೆಗೆ ದಾರಿ ಮಾಡಿಕೊಟ್ಟಿತು. ಅಲ್ಲಿ ಬಿಲ್ ಹಾಕಬೇಕು, ಕಂಪನಿ ಅದನ್ನು ಒಪ್ಪಬೇಕು. ಆಮೇಲೆ ಬ್ಯಾಂಕುಗಳು ಪೈಪೋಟಿಯಲ್ಲಿ ಬಡ್ಡಿ ದರ ಹೇಳುತ್ತವೆ. ಒಂದನ್ನು ಆರಿಸಿದರೆ, ಬಡ್ಡಿ ಹಿಡಿದುಕೊಂಡು ಉಳಿದ ಹಣ ಬೇಗ ಖಾತೆಗೆ ಬರುತ್ತದೆ. ಇದೇ ಬಿಲ್ ಡಿಸ್ಕೌಂಟಿಂಗ್.

ತೊಡಕು ಶುರುವಾಗಿದ್ದು ಇಲ್ಲಿ. 2018ರ ಹೊತ್ತಿಗೆ ಇಂಥ ಸಂಸ್ಥೆಗಳು ಮೂರಿದ್ದವು: ಆರ್‌ಎಕ್ಸ್‌ಐಎಲ್, ಇನ್‌ವಾಯ್ಸ್‌ಮಾರ್ಟ್, ಎಂ1ಎಕ್ಸ್‌ಚೇಂಜ್. ಒಂದೇ ಬಿಲ್ ಮೂರೂ ಕಡೆ ಹಾಕಿ ಮೂರು ಸಲ ಸಾಲ ಎತ್ತಿದರೆ? ಲೆಕ್ಕ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಆದರೆ ಮೂವರೂ ಪೈಪೋಟಿಯಲ್ಲಿರುವವರು. ತಮ್ಮ ಗಿರಾಕಿಗಳ ಪುಸ್ತಕವನ್ನು ಇನ್ನೊಬ್ಬರ ಕೈಗೆ ಯಾರು ಕೊಡುತ್ತಾರೆ?

ಆ ವರ್ಷ ಮೂವರೂ ಮೊನೆಟಾಗೋ ಎಂಬ ಕಂಪನಿಯ ಬ್ಲಾಕ್‌ಚೈನ್ ಜಾಲಕ್ಕೆ ಸೇರಿದರು. ಬ್ಲಾಕ್‌ಚೈನ್ ಅಂದರೆ ಹಲವರು ಒಂದೊಂದು ಪ್ರತಿ ಇಟ್ಟುಕೊಳ್ಳುವ, ಎಲ್ಲರಿಗೂ ಸೇರಿದ ಲೆಕ್ಕದ ಪುಸ್ತಕ. ಅದರ ಉಪಾಯ ನನಗೆ ಬಹಳ ಇಷ್ಟ. ಬಿಲ್ಲನ್ನೇ ಹಂಚಿಕೊಳ್ಳುವುದಿಲ್ಲ, ಅದರ ಬೆರಳಚ್ಚನ್ನು ಮಾತ್ರ ಹಂಚಿಕೊಳ್ಳುತ್ತಾರೆ.

[ತೆರೆಯ ಮೇಲೆ: ಒಂದು ಬಿಲ್. ಪಕ್ಕದಲ್ಲಿ ಅಕ್ಷರ, ಅಂಕಿಗಳ ಉದ್ದ ಸಾಲು.]

ಈ ಬೆರಳಚ್ಚಿಗೆ 'ಹ್ಯಾಶ್' ಅನ್ನುತ್ತಾರೆ. ಎಸ್‌ಎಚ್‌ಎ-256 ಎಂಬ ವಿಧಾನದಲ್ಲಾದರೆ ಬಿಲ್ ಎಷ್ಟೇ ಉದ್ದ ಇರಲಿ, ಬರುವುದು 64 ಅಕ್ಷರ. ಈಗ 5,00,000 ಇದ್ದದ್ದನ್ನು 5,00,001 ಮಾಡಿ.

[ಇಡೀ ಸಾಲು ಬದಲಾಗುತ್ತದೆ.]

ನೋಡಿದಿರಾ? ಒಂದು ರೂಪಾಯಿಗೆ ಪೂರ್ತಿ ಬೆರಳಚ್ಚೇ ಬೇರೆ ಆಯಿತು. ಬೆರಳಚ್ಚು ನೋಡಿ ಬಿಲ್ ಯಾರದ್ದು, ಎಷ್ಟರದ್ದು ಅಂತ ಹೇಳಲು ಬರುವುದಿಲ್ಲ. ಅದೇ ಬಿಲ್ ಇನ್ನೊಂದು ಕಡೆ ಬಂದರೆ ಮಾತ್ರ ಅದೇ ಬೆರಳಚ್ಚು ಮತ್ತೆ ಮೂಡುತ್ತದೆ, ಸಾಲ ಅಲ್ಲೇ ನಿಲ್ಲುತ್ತದೆ.

ಬ್ಲಾಕ್‌ಚೈನಿನಲ್ಲಿ ನಮೂದುಗಳ ಪ್ರತಿಯೊಂದು ಪುಟವೂ ಹಿಂದಿನ ಪುಟದ ಬೆರಳಚ್ಚನ್ನು ಹೊತ್ತಿರುತ್ತದೆ. ಹಳೆಯ ಪುಟವನ್ನು ಸುಮ್ನೆ ತಿದ್ದಲು ಹೋದರೆ ಮುಂದಿನದ್ದೆಲ್ಲ ತಪ್ಪುತ್ತದೆ, ಬೇರೆಯವರ ಪ್ರತಿಯ ಜೊತೆ ತಾಳೆ ಆಗುವುದಿಲ್ಲ. ಬ್ಲಾಕ್‌ಚೈನ್ ಅಂದಕೂಡಲೇ ಬಿಟ್‌ಕಾಯಿನ್ ನೆನಪಾಗುತ್ತದೆ. ಈ ಕೆಲಸಕ್ಕೆ ಯಾವ ನಾಣ್ಯವೂ ಬೇಕಿಲ್ಲ.

ಇದಕ್ಕೂ ಮಿತಿ ಇದೆ. ಬಿಲ್ಲೇ ಸುಳ್ಳಾದರೆ ಬ್ಲಾಕ್‌ಚೈನ್ ಆ ಸುಳ್ಳನ್ನೇ ಜೋಪಾನ ಮಾಡುತ್ತದೆ. ಅದನ್ನು ಹಿಡಿಯಬೇಕಾದವರು ಬಿಲ್ ಒಪ್ಪುವ ಕಂಪನಿಯವರು. ಅದೇ ಬಿಲ್ ತೋರಿಸಿ ಹೊರಗೆ ಯಾವುದೋ ಬ್ಯಾಂಕಿನಲ್ಲಿ ಸಾಲ ಪಡೆದಿದ್ದರೆ? ಆ ಬ್ಯಾಂಕ್ ಜಾಲದೊಳಗೆ ಇಲ್ಲದಿದ್ದರೆ, ಹೋಲಿಸಿ ನೋಡಲು ಇನ್ನೊಂದು ಬೆರಳಚ್ಚೇ ಇರುವುದಿಲ್ಲ.