ಗಂಟಲು ಕಟ್ಟಿದಾಗ ಹಾಡುವುದು

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲಿ ಸೊಗಸಾಗಿ ಗುನುಗುವವರು ಕೂಡ ನಾಲ್ಕು ಜನರೆದುರು ಅದೇ ಭಾವಗೀತೆ ಎತ್ತಿಕೊಂಡಾಗ ಎರಡನೇ ಚರಣದಲ್ಲಿ ಸಿಕ್ಕಿಹಾಕಿಕೊಳ್ಳುವುದುಂಟು. ಸ್ವರ ಮರೆತದ್ದಲ್ಲ, ಸಾಲೊಂದು ಎದೆಗೆ ನಾಟಿರುತ್ತದೆ. ಮುಜುಗರದಿಂದ ಕೆಮ್ಮುತ್ತಾರೆ, ಇಲ್ಲವೇ ಉದ್ದದೊಂದು ಆಲಾಪ ಹಾಕಿ ದಾಟಿಕೊಳ್ಳುತ್ತಾರೆ. ಕೇಳುವವರು ಅದನ್ನು ವಿದ್ವತ್ತು ಎಂದುಕೊಳ್ಳಬಹುದು. ಎಷ್ಟೋ ಸಲ ಅದು ಅಡಗಿಕೊಳ್ಳುವ ಜಾಗ.

ಗಂಟಲು ಕಟ್ಟುವುದೇಕೆ? ಅಳು ಒತ್ತರಿಸಿ ಬಂದಾಗ ಹೆಚ್ಚು ಗಾಳಿ ಬೇಕೆಂದು ದೇಹ ಧ್ವನಿಪೆಟ್ಟಿಗೆಯ ಬಾಯಿ ಅಗಲಿಸುತ್ತದೆ. ಹಾಡಬೇಕಾದರೆ ಸ್ವರತಂತುಗಳು ಹತ್ತಿರ ಸೇರಬೇಕು. ತೆರೆ, ಮುಚ್ಚು ಎಂಬ ಈ ಜಗ್ಗಾಟವೇ ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ ಅನಿಸುವುದು. ಆಗ ಜೋರು ಮಾಡಿದರೆ ದನಿ ಒಡೆಯುತ್ತದೆ. ಉಸಿರನ್ನು ಮೆಲ್ಲಗೆ ಪೂರ್ತಿ ಹೊರಬಿಡಿ, ಒಂದು ಗುಟುಕು ನೀರು ನುಂಗಿ, ಮುಂದಿನ ಸಾಲನ್ನು ಮಾತಿನಷ್ಟೇ ದನಿಯಲ್ಲಿ ಹಿಡಿಯಿರಿ.

ತಯಾರಿ ಶ್ರುತಿಯಿಂದ ಶುರು. ಮಾಮೂಲಿಗೆ ಬಿಳಿ ಐದರಲ್ಲಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು (ಕೀಲಿಯನ್ನು) 'ಸ' ಮಾಡಿಕೊಂಡು ಹಾಡುವವರು ಇಂಥ ಹಾಡಿಗೆ ಬಿಳಿ ನಾಲ್ಕಕ್ಕೆ ಇಳಿಯಲಿ. ಉದ್ವೇಗದಲ್ಲಿ ಗಂಟಲು ಬಿಗಿಯುತ್ತದೆ, ಮೊದಲು ಕೈಕೊಡುವುದು ತಾರಸ್ಥಾಯಿ, ಅಂದರೆ ಮೇಲಿನ ಸ್ವರಗಳು. ಆಮೇಲೆ ರಾಗ ಬಿಟ್ಟು, ಕವಿತೆಯನ್ನು ಎದುರಿಗಿದ್ದವರಿಗೆ ಹೇಳುವಂತೆ ಮೂರು ಸಲ ಓದಿ, ಉಸಿರು ತೆಗೆದುಕೊಳ್ಳುವ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ. 'ಬಾರದ ಮಳೆ' ಎಂದಿದ್ದರೆ ಮಳೆಯ ನಂತರ ಉಸಿರು. 'ಬಾರದ' ಎಂದು ನಿಂತರೆ ಅರ್ಥವೂ ಅಲ್ಲೇ ನಿಂತಿತು.

ಈಗೊಂದು ಚಿಕ್ಕ ಅಭ್ಯಾಸ. ಮೋಹನ ರಾಗದ ಆರೋಹಣ ಅವರೋಹಣ, ಅಂದರೆ ಸ್ವರಗಳ ಏರಿಕೆ ಇಳಿಕೆ, ಹಾಡಿ. ಉಳಿದದ್ದೆಲ್ಲ ಹಾಗೇ ಇಟ್ಟು ಅದರ 'ಗ' ಆದ ಅಂತರ ಗಾಂಧಾರವನ್ನು ಮಾತ್ರ ಸಾಧಾರಣ ಗಾಂಧಾರಕ್ಕೆ, ಅಂದರೆ ಹಾರ್ಮೋನಿಯಂನಲ್ಲಿ ಒಂದೇ ಒಂದು ಮನೆ, ಇಳಿಸಿ. ಶಿವರಂಜಿನಿ ರಾಗ ಬಂತು. ಒಂದು ಸ್ವರ ಬಾಗಿದ್ದಕ್ಕೆ ಮನೆಯ ಬೆಳಕೇ ಬದಲಾದಂತೆ! ಹಾಗೆಂದು ಶಿವರಂಜಿನಿ ಅಂದರೆ ಅಳು ಎಂದು ಲೆಕ್ಕ ಹಾಕಬೇಡಿ, ಆ ಲೆಕ್ಕ ಸಿನಿಮಾದವರದು. ನಿಧಾನಕ್ಕೆ ಹಾಡಿದರೆ ಮೋಹನವೂ ಕರುಳು ಹಿಂಡೀತು. ಆದರೆ ದುಃಖವೆಂದು ತೀರಾ ಎಳೆಯಲೂಬಾರದು. ಒಂದು ಸಾಲು ಒಂದೇ ಉಸಿರಿಗೆ ಮುಗಿಯದಿದ್ದರೆ ಹಾಡಿನ ವೇಗ ತಗ್ಗಿತೆಂದೇ ಅರ್ಥ, ಸ್ವಲ್ಪ ಏರಿಸಿ.

ದಾರಿ ಒಂದೇ ಅಲ್ಲ. ಭಾವಗೀತೆ ಹಾಡಿದವರಲ್ಲಿ ಸಿ. ಅಶ್ವತ್ಥ್ ತೆರೆದ ಗಂಟಲಲ್ಲಿ ತಾರಕ್ಕೇರಿ ಭಾವ ತೋಡಿಕೊಂಡರು, ಮೈಸೂರು ಅನಂತಸ್ವಾಮಿ ಮೆಲುದನಿಯಲ್ಲಿ ಹತ್ತಿರ ಕೂತು ಹೇಳಿದರು. ಇಬ್ಬರನ್ನೂ ಕೇಳಿ, ನಿಮ್ಮ ಗಂಟಲು ಯಾವುದಕ್ಕೆ ಒಗ್ಗುತ್ತದೋ ನೋಡಿ. ಬಿಕ್ಕುವ ನಟನೆ ಮಾತ್ರ ಬೇಡ. ಮೈಕು ಅದನ್ನು ಮೊದಲು ಹಿಡಿಯುತ್ತದೆ. ನಾಲ್ಕು ಬೆರಳಿಗಿಂತ ಹತ್ತಿರ ಹೋದರೆ 'ಪ', 'ಬ' ಅಕ್ಷರಗಳು ಗುದ್ದುತ್ತವೆ, ಗೇಣಿಗಿಂತ ದೂರ ಸರಿದರೆ ಮೆಲುದನಿ ಸಾಯುತ್ತದೆ.

ಪಕ್ಕವಾದ್ಯದವರಿಗೆ ಮೊದಲೇ ಹೇಳಿಡಿ: ದನಿ ನಿಂತರೆ ತಬಲಾ ನಿಲ್ಲಿಸಬಾರದು, ಆ ಸಾಲನ್ನು ಹಾರ್ಮೋನಿಯಂ ನುಡಿಸಲಿ. ಕೆಹರವಾ ತಾಳವಾದರೆ ಎಂಟು ಮಾತ್ರೆಯ ಎರಡು ಆವರ್ತ (ಸುತ್ತು) ಬಿಟ್ಟುಕೊಟ್ಟು, ಮೂರನೆಯದಕ್ಕೆ ಪಲ್ಲವಿಯಿಂದ ಸೇರಿಕೊಳ್ಳಿ.