ಕೋಳಿಯ ಕರುಳು ಮತ್ತು ಯೀಸ್ಟ್ ಚೀಲ

(ಮಂಡ್ಯದಲ್ಲಿ ಕೋಳಿ ಸಾಕುವವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಮದ್ದೂರು, ಮಳವಳ್ಳಿ, ಪಾಂಡವಪುರದ ಕಡೆಯಿಂದೆಲ್ಲ ಬಂದಿದ್ದೀರಿ. ಶೆಡ್ಡನ್ನು ಮನೆಯವರಿಗೆ ಒಪ್ಪಿಸಿ ಬಂದವರೇ ಜಾಸ್ತಿ. ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ: ಮೇವಿಗೆ ಯೀಸ್ಟ್ ಬೆರೆಸಿದರೆ ಕೋಳಿಯ ಕರುಳಿನ ರೋಗಾಣು ಕಡಿಮೆಯಾಗುತ್ತದೆಯೇ ಅನ್ನುವುದೇ ಇವತ್ತಿನ ಮಾತು.

ಕೋಳಿ ಕೊಯ್ದು ಕ್ಲೀನ್ ಮಾಡಿದವರು ನೋಡಿರುತ್ತೀರಿ. ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವ ಜಾಗದಲ್ಲಿ ಎರಡು ಕವಲುಗಳಿರುತ್ತವೆ. ಅವುಗಳ ಒಂದು ತುದಿ ಮುಚ್ಚಿಕೊಂಡಿರುತ್ತದೆ. ಹಿಸುಕಿದರೆ ಕಂದು ಬಣ್ಣದ, ಅಂಟಂಟು ಪದಾರ್ಥ ಬರುತ್ತದೆ. ಇದಕ್ಕೆ ಡಾಕ್ಟರುಗಳು ಸೀಕಾ ಅನ್ನುತ್ತಾರೆ. ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟಿನ (ಲಿಟರ್) ಮೇಲೆ ಆಗಾಗ ಕಾಣುವ ಕಂದು ಹಿಕ್ಕೆ ಬರುವುದು ಅಲ್ಲಿಂದಲೇ. ಅದನ್ನು ನೋಡಿ ಭೇದಿ ಶುರುವಾಯಿತು ಅಂತ ಔಷಧಿ ಅಂಗಡಿಗೆ ಓಡುವವರಿದ್ದಾರೆ. ಓಡಬೇಡಿ, ಅದು ಮಾಮೂಲಿ.

ಸಾಲ್ಮೊನೆಲ್ಲಾ ಮತ್ತು ಕ್ಯಾಂಪಿಲೊಬ್ಯಾಕ್ಟರ್ ಎಂಬ ರೋಗಾಣುಗಳು ಹೆಚ್ಚಾಗಿ ಬೀಡುಬಿಡುವುದು ಈ ಸೀಕಾದಲ್ಲೇ. ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ಕ್ಯಾಂಪಿಲೊಬ್ಯಾಕ್ಟರ್‌ಗೆ ಅದು ಹೇಳಿ ಮಾಡಿಸಿದ ಬಿಸಿ.

ತೊಂದರೆ ಏನೆಂದರೆ, ಹೆಚ್ಚಿನ ಸಲ ಕೋಳಿಗೆ ಏನೂ ಆಗುವುದಿಲ್ಲ. ಸಾಲ್ಮೊನೆಲ್ಲಾದಲ್ಲಿ ಗ್ಯಾಲಿನೇರಮ್ ಅಂತ ಒಂದು ಜಾತಿ ಇದೆ. ಅದು ಕೋಳಿ ಟೈಫಾಯ್ಡ್ ತಂದು ಶೆಡ್ಡನ್ನೇ ಖಾಲಿ ಮಾಡುತ್ತದೆ, ಅದು ನಿಮಗೆ ಕಾಣುತ್ತದೆ. ಆದರೆ ಎಂಟರಿಟಿಡಿಸ್, ಟೈಫಿಮ್ಯೂರಿಯಮ್ ಎಂಬ ದಾಯಾದಿಗಳು ಬೆಳೆದ ಕೋಳಿಯ ಹೊಟ್ಟೆಯಲ್ಲಿ ಸುಮ್ನೆ ಇರುತ್ತವೆ. ಕೋಳಿ ತಿನ್ನುತ್ತದೆ, ತೂಕ ಬರುತ್ತದೆ, ಗಾಡಿ ಹತ್ತುತ್ತದೆ. ವಾಂತಿ ಭೇದಿ ಶುರುವಾಗುವುದು ಅದನ್ನು ಕತ್ತರಿಸಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿಕೊಂಡು ತಿಂದವರಿಗೆ.

ಇನ್ನು ಮರಿಯ ವಿಷಯ. ನಾಟಿ ಹ್ಯಾಟೆ ಕಾವು ಕೂತು ಮರಿ ಮಾಡಿದರೆ, ಮರಿ ತಾಯಿಯ ಹಿಂದೆಯೇ ತಿಪ್ಪೆ ಕೆದಕುತ್ತಾ ಬೆಳೆಯುತ್ತದೆ. ತಾಯಿಯ ಹಿಕ್ಕೆಯಿಂದಲೇ ಒಳ್ಳೆಯ ಬ್ಯಾಕ್ಟೀರಿಯಾ ಅದರ ಕರುಳಿಗೆ ಸೇರುತ್ತವೆ. ಹ್ಯಾಚರಿ ಮರಿ ತಾಯಿಯ ಮುಖವನ್ನೇ ನೋಡಿರುವುದಿಲ್ಲ. ಅದರ ಕರುಳು ಹೆಚ್ಚುಕಮ್ಮಿ ಖಾಲಿ. ಮೈಸೂರು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೀರಲ್ಲ, ಅಲ್ಲೂ ಹಾಗೇ, ಮೊದಲು ಬಂದವರದ್ದೇ ಜಾಗ. 1973ರಲ್ಲಿ ಫಿನ್ಲೆಂಡಿನ ನೂರ್ಮಿ ಮತ್ತು ರಂಟಲಾ ಎಂಬ ವಿಜ್ಞಾನಿಗಳು ದೊಡ್ಡ ಕೋಳಿಗಳ ಕರುಳಿನ ಪದಾರ್ಥವನ್ನು ಎಳೆ ಮರಿಗಳಿಗೆ ಕೊಟ್ಟು ನೋಡಿದರು. ಆ ಮರಿಗಳಿಗೆ ಸಾಲ್ಮೊನೆಲ್ಲಾ ಸುಲಭಕ್ಕೆ ಅಂಟಲಿಲ್ಲ. ಕರುಳಿನಲ್ಲಿ ಒಳ್ಳೆಯವರನ್ನು ಬೆಳೆಸಿ ಕೆಟ್ಟವರಿಗೆ ಜಾಗ ಇಲ್ಲದಂತೆ ಮಾಡುವ ದಾರಿ ತೆರೆದುಕೊಂಡಿದ್ದು ಅಲ್ಲಿಂದ.

ಯೀಸ್ಟ್ ಬರುವುದು ಇಲ್ಲಿಗೇ. ಬ್ರೆಡ್ ಉಬ್ಬಿಸುವ ಯೀಸ್ಟೇ ಇದು, ಹೆಸರು ಸ್ಯಾಕರೊಮೈಸಿಸ್ ಸೆರೆವಿಸಿಯೆ. ಕಾಕಂಬಿ ಸಿಕ್ಕರೆ ಹುಲುಸಾಗಿ ಬೆಳೆಯುತ್ತದೆ. 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ನೋಡಿಕೊಂಡು ಬಂದ ಊರಿಗೆ ಕಾಕಂಬಿ ಏನು ಅಂತ ನಾನು ಹೇಳಬೇಕಾಗಿಲ್ಲ.

ಆದರೆ ಅಂಗಡಿಯಲ್ಲಿ ‘ಯೀಸ್ಟ್’ ಅಂತ ಕೇಳಿದರೆ ಬೇರೆ ಬೇರೆ ಮಾಲು ಕೊಡುತ್ತಾರೆ. ಒಂದರಲ್ಲಿ ಜೀವಂತ ಯೀಸ್ಟ್ ಇರುತ್ತದೆ. ಇನ್ನೊಂದರಲ್ಲಿ ಯೀಸ್ಟಿನ ಜೀವಕೋಶದ ಗೋಡೆ ಮಾತ್ರ. ಆ ಗೋಡೆಯಲ್ಲಿ ಮ್ಯಾನೋಸ್ ಎಂಬ ಸಕ್ಕರೆ ಇದೆ. ಸಾಲ್ಮೊನೆಲ್ಲಾ ಕರುಳಿಗೆ ಅಂಟಿಕೊಳ್ಳುವುದು ತನ್ನ ಮೈಮೇಲಿನ ಸಣ್ಣ ಎಳೆಗಳಿಂದ. ಆ ಎಳೆಗಳು ಹುಡುಕುವುದೂ ಇದೇ ಸಕ್ಕರೆಯನ್ನು. ಕರುಳಿನ ಬದಲು ಮೇವಿನಲ್ಲಿರುವ ಗೋಡೆಯನ್ನೇ ಹಿಡಿದುಕೊಂಡರೆ ಹಿಕ್ಕೆಯ ಜೊತೆ ಆಚೆ ಹೋಗುತ್ತದೆ. ಮೂರನೆಯದು ಹುದುಗಿಸಿದ ಯೀಸ್ಟ್. ಯೀಸ್ಟನ್ನು ಧಾನ್ಯ, ಕಾಕಂಬಿಯಂಥದ್ದರಲ್ಲಿ ಬೆಳೆಸಿ, ಹುದುಗಿಸಿ, ಯೀಸ್ಟೂ ಸೇರಿದಂತೆ ಎಲ್ಲವನ್ನೂ ಒಣಗಿಸಿ ಪುಡಿ ಮಾಡುತ್ತಾರೆ. ಹುದುಗುವಾಗ ಹುಟ್ಟಿದ ಆಮ್ಲ, ಜೀವಸತ್ವ, ಗೋಡೆಯ ಚೂರು ಎಲ್ಲ ಅದರಲ್ಲೇ ಇರುತ್ತದೆ. ಇದನ್ನು ಪೋಸ್ಟ್‌ಬಯಾಟಿಕ್ ಅಂತಲೂ ಮಾರುತ್ತಾರೆ.

ನನ್ನ ಒಲವು ಈ ಮೂರನೆಯದರ ಕಡೆ. ಪೆಲೆಟ್ ಮೇವು ಮಾಡುವಾಗ 70–80 ಡಿಗ್ರಿ ಬಿಸಿ ಹಬೆ ಕೊಡುತ್ತಾರೆ. ಅಲ್ಲಿ ಜೀವಂತ ಯೀಸ್ಟ್ ಬಹುಪಾಲು ಸಾಯುತ್ತದೆ. ಹುದುಗಿಸಿ ಒಣಗಿಸಿದ್ದಕ್ಕೆ ಸಾಯುವ ಭಯವಿಲ್ಲ. ಇದು ರೋಗಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಅಲ್ಲ. ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುತ್ತದೆ, ಅವು ಆಮ್ಲ ಮಾಡುತ್ತವೆ, ಸಾಲ್ಮೊನೆಲ್ಲಾಕ್ಕೆ ಅದು ಒಗ್ಗುವುದಿಲ್ಲ. ಕೋಳಿಯ ರೋಗನಿರೋಧಕ ಶಕ್ತಿಯನ್ನೂ ಸ್ವಲ್ಪ ಎಚ್ಚರವಾಗಿಡುತ್ತದೆ.

ರೋಗಾಣು ಎಷ್ಟು ಇಳಿಯುತ್ತದೆ? ಕೆಲವು ಪ್ರಯೋಗಗಳಲ್ಲಿ ಚೆನ್ನಾಗಿ ಇಳಿದಿದೆ, ಕೆಲವಲ್ಲಿ ವ್ಯತ್ಯಾಸವೇ ಕಂಡಿಲ್ಲ. ಏಜೆಂಟರು ‘ಒಂದು ಲಾಗ್ ಇಳಿಯುತ್ತದೆ ಸಾರ್, ಅಂದರೆ ನೂರಕ್ಕೆ 90’ ಅನ್ನುತ್ತಾರೆ. ಲೆಕ್ಕ ಸರಿ. ಆದರೆ ಸೀಕಾದ ಪದಾರ್ಥದ ಒಂದು ಗ್ರಾಂನಲ್ಲಿ 10 ಲಕ್ಷ ರೋಗಾಣು ಇದ್ದರೆ, ಇಳಿದ ಮೇಲೂ 1 ಲಕ್ಷ ಉಳಿಯುತ್ತದೆ ಅಲ್ವಾ? ಅಡುಗೆಮನೆಗೆ ಹೋಗುವ ಹೊರೆ ಕಡಿಮೆಯಾಯಿತು ಅನ್ನಿ, ಹೊರಟೇಹೋಯಿತು ಅನ್ನಬೇಡಿ.

ಕೊಡುವುದಾದರೆ ಮೊದಲ ದಿನದಿಂದ ಕೊಡಿ. ಮೇವು ನೀವೇ ಮಿಕ್ಸ್ ಮಾಡುವವರಾದರೆ, ಟನ್ನಿಗೆ ಒಂದೆರಡು ಕೆಜಿ ಪುಡಿಯನ್ನು ನೇರವಾಗಿ ಸುರಿದರೆ ಒಂದು ಕಡೆ ಗಂಟಾಗಿ ಉಳಿಯುತ್ತದೆ. ಮೊದಲು ಹತ್ತಿಪ್ಪತ್ತು ಕೆಜಿ ಮುಸುಕಿನ ಜೋಳದ ನುಚ್ಚಿನಲ್ಲಿ ಕಲಸಿ, ಆಮೇಲೆ ರಾಶಿಗೆ ಹಾಕಿ. ಅಳತೆ ಚೀಲದ ಮೇಲೆ ಬರೆದಷ್ಟೇ ಇರಲಿ. ಬೂಸ್ಟು ಹಿಡಿದ ಜೋಳಕ್ಕೆ ಯೀಸ್ಟ್ ಸೇರಿಸಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಬೇಕರಿ ಯೀಸ್ಟನ್ನು ಬಕೆಟ್ಟಿನಲ್ಲಿ ನೆನೆಸಿ ಹಾಕುವುದೂ ಬೇಡ, ನಮ್ಮ ಸೆಕೆಗೆ ಅದರಲ್ಲಿ ಇನ್ನೇನೇನೋ ಬೆಳೆಯುತ್ತದೆ.

ಕೋಳಿ ಮೇವಿನ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ಪೈಪಿನೊಳಗೆ ಲೋಳೆ ಕಟ್ಟಿದ್ದರೆ, ಡ್ರಿಂಕರ್ ಕೆಳಗೆ ಹೊಟ್ಟು ಒದ್ದೆಯಾಗಿದ್ದರೆ, ಯೀಸ್ಟಿನ ದುಡ್ಡು ದಂಡ. ಒಂದು ಬ್ಯಾಚ್ ಹೋದ ಮೇಲೆ ಪೈಪ್ ತೊಳೆದು ಕ್ಲೋರಿನ್ ಬಿಡಿ, ಆಮೇಲೆ ಯೀಸ್ಟಿನ ಮಾತು.

ಆಂಟಿಬಯಾಟಿಕ್ ಇದ್ದರೆ ಇಷ್ಟೆಲ್ಲ ಯಾಕೆ ಅಂತ ಹಿಂದಿನ ಸಾಲಿನವರು ಗೊಣಗುತ್ತಿರುವುದು ಕೇಳಿಸಿತು. ತೂಕಕ್ಕಾಗಿ ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪು 2006ರಲ್ಲೇ ನಿಲ್ಲಿಸಿತು. ನಮ್ಮಲ್ಲೂ 2019ರಲ್ಲಿ ಕೋಳಿಗೆ ಕೊಲಿಸ್ಟಿನ್ ಕೊಡುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಕೊಡುವ ಕೊನೆಯ ಔಷಧಿಗಳಲ್ಲಿ ಅದೊಂದು.

ಕೊನೆಗೆ ದುಡ್ಡಿನ ಮಾತು. ನಿಮ್ಮಲ್ಲಿ ಹೆಚ್ಚಿನವರು ಕಂಪನಿಯಿಂದ ಮರಿ, ಮೇವು ಪಡೆದು ಕಾಂಟ್ರಾಕ್ಟಿನಲ್ಲಿ ಸಾಕುವವರು. ಕಂಪನಿ ನೋಡುವುದು ತೂಕ, ಸಾವು, ಮೇವಿನ ಲೆಕ್ಕ. ಸೀಕಾದಲ್ಲಿ ಎಷ್ಟು ಸಾಲ್ಮೊನೆಲ್ಲಾ ಇದೆ ಎಂದು ಯಾರೂ ತೂಗುವುದಿಲ್ಲ. ರೋಗಾಣು ಇಳಿದರೆ ಲಾಭ ತಿನ್ನುವವರಿಗೆ, ಖರ್ಚು ಸಾಕುವವರಿಗೆ ಅಂದರೆ ನ್ಯಾಯವಲ್ಲ. ಅದಕ್ಕೇ ನನ್ನ ಸಲಹೆ: ಕಾಂಟ್ರಾಕ್ಟಿನವರು ಕೈಯಿಂದ ಹಾಕಿ ಇದನ್ನು ಕೊಳ್ಳಬೇಡಿ. ಮೇವಿನಲ್ಲೇ ಬೆರೆಸಿ ಕೊಡಿ ಅಂತ ಕಂಪನಿಯ ಸೂಪರ್‌ವೈಸರನ್ನು ಕೇಳಿ, ಒಬ್ಬೊಬ್ಬರಾಗಿ ಅಲ್ಲ, ಹೋಬಳಿಯವರೆಲ್ಲ ಸೇರಿ ಕೇಳಿ. ಸ್ವಂತ ಫಾರಂ ಇರುವವರು ಒಂದು ಶೆಡ್ಡಿಗೆ ಹಾಕಿ, ಇನ್ನೊಂದಕ್ಕೆ ಹಾಕದೆ ಬಿಡಿ. ಕೋಳಿ ಹಿಡಿಯುವ ಮುಂಚೆ ಎರಡರ ಸ್ಯಾಂಪಲ್ಲನ್ನೂ ಪಶುವೈದ್ಯರ ಮೂಲಕ ಲ್ಯಾಬಿಗೆ ಕಳಿಸಿ.

ಈಗ ನಿಮ್ಮ ಪ್ರಶ್ನೆಗಳು. ಮೊಟ್ಟೆ ಕೋಳಿಯವರು ಮೊದಲು ಕೇಳಿ, ನಿಮ್ಮ ಲೆಕ್ಕ ಬೇರೆ.