ಶುಕ್ರವಾರ ರಾತ್ರಿಯ ಚೀಟಿ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಮಾತನ್ನು ಯಾರು ಕೇಳುತ್ತಿರಬಹುದು ಎಂದು ಯೋಚಿಸಿದಾಗ ನನ್ನ ಕಣ್ಣ ಮುಂದೆ ಬರುವುದು ಒಂದು ಹಾಸ್ಟೆಲ್ ಕೋಣೆ. ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಗುತ್ತಿದೆ. ಮಂಚದ ಮೇಲೆ ಇಬ್ಬರು ಹುಡುಗರು, ಮೊಬೈಲಿನಲ್ಲಿ ರೇಡಿಯೋ. ತಾರೀಕು 20 ದಾಟಿದೆ. ಅಕೌಂಟಿನಲ್ಲಿ ಇನ್ನೂರು, ಇನ್ನೂರೈವತ್ತು ರೂಪಾಯಿ ಇರಬಹುದು. ಊರಿಗೆ ಹೋಗಿ ಬರುವುದಕ್ಕೆ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ. ಶನಿವಾರ, ಭಾನುವಾರ ಏನು ಮಾಡುವುದು?

ಇಪ್ಪತ್ತು ವರ್ಷದಿಂದ ಮೈಸೂರಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದೇನೆ, ಜೊತೆಗೆ ಹಾಸ್ಟೆಲ್ ವಾರ್ಡನ್ ಕೆಲಸ. ಅಷ್ಟು ವರ್ಷ ನೋಡಿ ನನಗೆ ಗೊತ್ತಾಗಿರುವುದು ಒಂದೇ ಸಂಗತಿ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮತ್ತೆ ಮತ್ತೆ ಹೇಳುತ್ತೇನೆ. ಶುಕ್ರವಾರ ರಾತ್ರಿ ಮಲಗುವ ಮುಂಚೆ ಒಂದು ಚೀಟಿ ಬರೆಯಿರಿ. ಭಾನುವಾರ ಎಲ್ಲಿಗೆ ಹೋಗುತ್ತೀರಿ, ಎಷ್ಟು ಗಂಟೆಗೆ ಹೊರಡುತ್ತೀರಿ, ಯಾರ ಜೊತೆ, ಭಾನುವಾರ ರಾತ್ರಿ ಊಟಕ್ಕೆ ಏನು. ನಾಲ್ಕೇ ಸಾಲು. ಚೀಟಿ ಬರೆದವನ ದುಡ್ಡು ಉಳಿಯುತ್ತದೆ. ಬರೆಯದವನದು ಹೋಗುತ್ತದೆ.

ಸುಮ್ನೆ ಹೇಳುತ್ತಿಲ್ಲ. ಹೋದ ವರ್ಷ ಒಬ್ಬ ಹುಡುಗ ಬಂದು, ಸಾರ್, ದುಡ್ಡು ಎಲ್ಲಿ ಹೋಗುತ್ತದೋ ಗೊತ್ತಾಗುವುದಿಲ್ಲ ಎಂದ. ಮನೆಯಿಂದ ತಿಂಗಳಿಗೆ 2000 ರೂಪಾಯಿ ಕಳಿಸುತ್ತಾರೆ. ಫೋನ್ ತೆಗಿ, ಹೋದ ಶನಿವಾರ ಭಾನುವಾರದ್ದು ಓದು ಎಂದೆ. ಅವನು ಓದುತ್ತಾ ಹೋದ, ನಾನು ಬರೆದುಕೊಂಡೆ. ಕೂಲ್ ಡ್ರಿಂಕ್ಸ್ 40. ಗೋಬಿ 60. ಆಟೋ 70. ಐಸ್‌ಕ್ರೀಮ್ 120. ರಾತ್ರಿ ಹತ್ತೂವರೆಗೆ ತರಿಸಿಕೊಂಡ ಬಿರಿಯಾನಿ 240. ಭಾನುವಾರ ತಡವಾಗಿ ಎದ್ದದ್ದರಿಂದ ಮೆಸ್ಸಿನ ತಿಂಡಿ ತಪ್ಪಿ ಹೋಟೆಲಿನಲ್ಲಿ 90. ಆರು ಸಲ ಫೋನ್ ಒತ್ತಿದ್ದಾನೆ, 620 ರೂಪಾಯಿ. ಸರಿ, ಏನೇನು ಮಾಡಿದೆ, ಚೆನ್ನಾಗಿತ್ತಾ ಎಂದು ಕೇಳಿದೆ. "ಏನೂ ಮಾಡಿಲ್ಲ ಸಾರ್, ಬೇಜಾರಾಗಿತ್ತು" ಎಂದ.

ನೋಡಿದಿರಾ? ಆ 620 ರೂಪಾಯಿ ಹೋದದ್ದು ಬೇಜಾರು ಕಳೆಯುವುದಕ್ಕೆ. ಬೇಜಾರಂತೂ ಹೋಗಲಿಲ್ಲ. ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಮಂಚದ ಮೇಲೆ ಬಿದ್ದುಕೊಂಡು "ಎಲ್ಲಿಗೆ ಹೋಗೋಣ ಮಗಾ" ಎಂದು ಶುರು ಮಾಡಿದರೆ, ಆ ಹೊತ್ತಿನಲ್ಲಿ ತಲೆಗೆ ಹೊಳೆಯುವುದೆಲ್ಲ ದುಡ್ಡಿನ ದಾರಿಗಳೇ. ಪುಕ್ಕಟೆ ಸಿಗುವ ಒಳ್ಳೆಯ ಸಂಗತಿಗಳೆಲ್ಲ ಬೆಳಿಗ್ಗೆ ಬೇಗ ಸಿಗುತ್ತವೆ, ಇಲ್ಲವೇ ಇಂಥ ಹೊತ್ತಿಗೇ ಹೋಗಬೇಕು ಎಂದು ಮೊದಲೇ ಗೊತ್ತಿರಬೇಕು. ಅದಕ್ಕೇ ಶುಕ್ರವಾರ ರಾತ್ರಿ.

ಚೀಟಿ ಬರೆಯುವುದು ನಾನು ಕಂಡುಹಿಡಿದದ್ದಲ್ಲ. ಹೇಳಿಕೊಟ್ಟವನು ನನ್ನ ರೂಮ್‌ಮೇಟ್, ಕೊಳ್ಳೇಗಾಲದ ಕಡೆಯವನು. 1993. ನಾವು ನಾಲ್ಕು ಜನ ಸರಸ್ವತಿಪುರಂನಲ್ಲಿ ಒಂದು ಕೋಣೆಯಲ್ಲಿ ಇದ್ದೆವು. ಒಬ್ಬ ಹುಣಸೂರಿನವನು, ಒಬ್ಬ ಸಾಗರದವನು, ಕೊಳ್ಳೇಗಾಲದವನು, ನಾನು. ಆ ತಿಂಗಳು ಯಾರಿಗೂ ಮನಿ ಆರ್ಡರ್ ಬಂದಿರಲಿಲ್ಲ. ಎಲ್ಲರ ಜೇಬು ಝಾಡಿಸಿದರೆ 31 ರೂಪಾಯಿ. ನಾವು ಊಟಕ್ಕೆ ಹೋಗುತ್ತಿದ್ದ ಮೆಸ್ಸಿನಲ್ಲಿ ಭಾನುವಾರ ಮಧ್ಯಾಹ್ನ ಸಿಹಿ ಊಟ, ರಾತ್ರಿ ಬಾಗಿಲು. ಹಾಸ್ಟೆಲಿನಲ್ಲಿ ಇದ್ದವರಿಗೆಲ್ಲ ಗೊತ್ತಿರುತ್ತದೆ, ಭಾನುವಾರ ರಾತ್ರಿ ಎಂದರೆ ಊಟಕ್ಕೆ ಪರದಾಟ. ಈಗಲೂ ಎಷ್ಟೋ ಕಡೆ ಹಾಗೇ ಇದೆ, ಅಲ್ವಾ?

ಶುಕ್ರವಾರ ರಾತ್ರಿ ಕೊಳ್ಳೇಗಾಲದವನು ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಅದರ ಹಿಂದೆ ಬರೆಯುವುದಕ್ಕೆ ಕುಳಿತ. ಭಾನುವಾರ, ಚಾಮುಂಡಿ ಬೆಟ್ಟ, ಬೆಳಿಗ್ಗೆ 5ಕ್ಕೆ ಹೊರಡುವುದು, ನಡೆದೇ ಹೋಗುವುದು. ಅವಲಕ್ಕಿ 6 ರೂಪಾಯಿ, ಬೆಲ್ಲ 2, ಕಾಯಿ 3, ಕಡಲೆಕಾಯಿ 4, ನಾಲ್ಕು ಟೀಗೆ 4. ಒಟ್ಟು 19. ಉಳಿಯುವುದು 12. ಆ ಹಾಳೆಯನ್ನು ಬಾಗಿಲಿನ ಹಿಂದೆ ಅಂಟಿಸಿದ. ನಮಗೆಲ್ಲ ಅಷ್ಟು ಸಣ್ಣ ಲೆಕ್ಕವನ್ನು ಬರೆದು ಅಂಟಿಸಬೇಕಾ ಎನ್ನಿಸಿತ್ತು. ಆದರೆ ಶನಿವಾರ ಇಡೀ ದಿನ ಅದನ್ನೇ ನೋಡುತ್ತಿದ್ದೆವು. ಹುಣಸೂರಿನವನು ಸಂಜೆ ಬೋಂಡಾ ತಿನ್ನೋಣ ಎಂದಾಗ ಯಾರೂ ಬೇಡ ಎನ್ನಲಿಲ್ಲ, ಎಲ್ಲರೂ ಬಾಗಿಲ ಕಡೆ ನೋಡಿದೆವು ಅಷ್ಟೆ. ಅವನೇ ಸುಮ್ಮನಾದ.

ಭಾನುವಾರ ಕತ್ತಲಿರುವಾಗಲೇ ಹೊರಟೆವು. ಬೆಟ್ಟದ ಪಾದ ಮುಟ್ಟುವುದಕ್ಕೆ ಒಂದೂವರೆ ಗಂಟೆ ನಡಿಗೆ. ಬೆಟ್ಟಕ್ಕೆ ಸಾವಿರ ಮೆಟ್ಟಿಲು ಎನ್ನುತ್ತಾರೆ, ನಾವು ನಾಲ್ಕೂ ಜನ ಎಣಿಸುತ್ತಾ ಹತ್ತುವುದು ಎಂದು ಪಣ ತೊಟ್ಟೆವು. ನೂರೈವತ್ತು ದಾಟುವ ಹೊತ್ತಿಗೇ ನಾಲ್ಕು ಜನರದು ನಾಲ್ಕು ಲೆಕ್ಕ. ಅಷ್ಟರಲ್ಲಿ ಒಬ್ಬರು ಅಜ್ಜಿ ಸಿಕ್ಕರು. ಹರಕೆ ಹೊತ್ತಿದ್ದರು. ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಎದ್ದು, ಬಗ್ಗಿ ಎದ್ದು ಹತ್ತುತ್ತಿದ್ದರು. ಜೊತೆಗೆ ಮೊಮ್ಮಗಳು, ಏಳೆಂಟು ವರ್ಷದವಳು, ಕೈಯಲ್ಲಿ ಅವಳಿಗಿಂತ ಭಾರದ ಚೀಲ. "ಏನ್ರಪ್ಪಾ, ಮಗು ಕೈ ಸೋತೈತೆ, ಈ ಚೀಲ ಒಂದಷ್ಟು ದೂರ ಹಿಡ್ಕೊತೀರಾ?" ಎಂದರು. ಸಾಗರದವನು ತಗೊಂಡ. ಒಂದಷ್ಟು ದೂರ ಎಂದದ್ದು ಕೊನೆಯ ಮೆಟ್ಟಿಲವರೆಗೂ ಆಯಿತು. ಅವರನ್ನು ಬಿಟ್ಟು ಮುಂದೆ ಹೋಗುವುದಕ್ಕೆ ನಮಗೆ ಮನಸ್ಸಾಗಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಹತ್ತಬಹುದಾದ ಬೆಟ್ಟಕ್ಕೆ ಮೂರು ಗಂಟೆ ಹಿಡಿಯಿತು.

ಆ ಮೂರು ಗಂಟೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಅಷ್ಟು ನಿಧಾನವಾಗಿ ಹತ್ತಿದರೆ ಊರು ಕೆಳಗೆ ಸ್ವಲ್ಪ ಸ್ವಲ್ಪವೇ ತೆರೆದುಕೊಳ್ಳುತ್ತದೆ. ಮೊದಲು ಲಲಿತಮಹಲ್ ಬೆಳ್ಳಗೆ ಕಾಣಿಸಿತು, ಆಮೇಲೆ ಕಾರಂಜಿ ಕೆರೆ, ಆಮೇಲೆ ಅರಮನೆಯ ಗುಮ್ಮಟಗಳು. ಸುಮಾರು ಏಳುನೂರನೇ ಮೆಟ್ಟಿಲ ಹತ್ತಿರ ದೊಡ್ಡ ನಂದಿ. ದೊಡ್ಡ ದೇವರಾಜ ಒಡೆಯರ ಕಾಲದ್ದು, 17ನೇ ಶತಮಾನ, ಒಂದೇ ಬಂಡೆಯಲ್ಲಿ ಕಡೆದದ್ದು. ಮೊದಲೂ ನೋಡಿದ್ದೆ, ಆದರೆ ಅದರ ಕೊರಳಿನ ಗಂಟೆಯ ಸರವನ್ನು ಒಂದೊಂದಾಗಿ ನೋಡಿದ್ದು ಅವತ್ತೇ, ಅಜ್ಜಿ ಸುಧಾರಿಸಿಕೊಳ್ಳುತ್ತಾ ಕುಳಿತಿದ್ದಾಗ. ಮೇಲೆ ಹೋದರೆ ಅವರ ಮನೆಯವರೆಲ್ಲ ಬಸ್ಸಿನಲ್ಲಿ ಬಂದು ಕಾಯುತ್ತಿದ್ದರು, ಹದಿನೈದು ಜನ, ನರಸೀಪುರದ ಕಡೆಯವರು. ನಮ್ಮನ್ನು ಬಿಡಲೇ ಇಲ್ಲ. ದರ್ಶನ ಆದ ಮೇಲೆ ಮರದ ಕೆಳಗೆ ಕೂರಿಸಿ ಮುತ್ತುಗದ ಎಲೆಯಲ್ಲಿ ಚಿತ್ರಾನ್ನ, ಮೊಸರನ್ನ, ಉಪ್ಪಿನಕಾಯಿ. ಸಾಕು ಎಂದರೂ ಬಡಿಸುತ್ತಿದ್ದರು.

ಹಾಗಾಗಿ ಅವಲಕ್ಕಿ ಕಟ್ಟು ಬಿಚ್ಚಲೇ ಇಲ್ಲ. ಸಂಜೆ ಕೋಣೆಗೆ ಬಂದು, ಮೆಸ್ ಇಲ್ಲದ ಆ ರಾತ್ರಿ, ಕಾಯಿ ತುರಿದು, ಬೆಲ್ಲ ಜಜ್ಜಿ, ಅವಲಕ್ಕಿ ಕಲಸಿ ನಾಲ್ಕೂ ಜನ ಹೊಟ್ಟೆ ತುಂಬ ತಿಂದೆವು. 12 ರೂಪಾಯಿ ಉಳಿಯಿತು. ಚೀಟಿಯಲ್ಲಿ ಬರೆದಿದ್ದ ಹಾಗೇ! ಆ ಅಜ್ಜಿ ಚೀಟಿಯಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ಬೆಳಿಗ್ಗೆ 5ಕ್ಕೆ ಹೊರಡದೆ ಹೋಗಿದ್ದರೆ ಅವರು ನಮಗೆ ಸಿಗುತ್ತಲೇ ಇರಲಿಲ್ಲ.

ಅಯ್ಯೋ, ಗಡಿಯಾರ ನೋಡಿದೆ. ಬೆಟ್ಟದಲ್ಲೇ ಅರ್ಧಕ್ಕಿಂತ ಜಾಸ್ತಿ ಸಮಯ ಹೋಯಿತು. ಹೇಳಬೇಕಾದದ್ದು ಇನ್ನೂ ಬಹಳ ಇದೆ, ಬೇಗ ಬೇಗ ಹೇಳುತ್ತೇನೆ. ಪೆನ್ನು ಹಿಡಿದುಕೊಂಡು ಬರೆದುಕೊಳ್ಳಿ.

ಮೈಸೂರಿನಲ್ಲಿ ಏನಿದೆ ಸಾರ್, ಎಲ್ಲ ನೋಡಿ ಆಯಿತು ಎನ್ನುವ ಮಕ್ಕಳಿದ್ದಾರೆ. ಈ ಮಾತು ಕೇಳಿದರೆ ನನಗೆ ತಡೆದುಕೊಳ್ಳುವುದಕ್ಕೆ ಆಗುವುದಿಲ್ಲ. ಕುಕ್ಕರಹಳ್ಳಿ ಕೆರೆಗೆ ಬೆಳಿಗ್ಗೆ ಆರೂವರೆಗೆ ಹೋಗಿದ್ದೀರಾ? ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ಅವರು ನಡೆದಾಡುತ್ತಿದ್ದ ದಾರಿ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ನೀರುಕಾಗೆ, ಎಲ್ಲ ಕಾಣುತ್ತವೆ. ಹತ್ತು ಗಂಟೆಗೆ ಎದ್ದು ಹೋದರೆ ಬಿಸಿಲು ಮಾತ್ರ ಕಾಣುತ್ತದೆ. ಚೀಟಿಯಲ್ಲಿ ಹೊತ್ತು ಬರೆಯಿರಿ ಎಂದು ನಾನು ಇಷ್ಟು ಹೇಳುವುದು ಇದಕ್ಕೇ.

ಭಾನುವಾರ ಸಂಜೆ ಏಳರ ಹೊತ್ತಿಗೆ ಅರಮನೆಗೆ ದೀಪ ಹಾಕುತ್ತಾರೆ. ಸುಮಾರು ಒಂದು ಲಕ್ಷ ಬಲ್ಬು, ಒಂದೇ ಸಲಕ್ಕೆ ಹೊತ್ತಿಕೊಳ್ಳುತ್ತವೆ. ಜಗತ್ತಿನ ಎಲ್ಲಿಂದಲೋ ಜನ ದುಡ್ಡು ಸುರಿದು ಇದನ್ನು ನೋಡುವುದಕ್ಕೆ ಬರುತ್ತಾರೆ. ನೀವು ಅದೇ ಊರಿನಲ್ಲಿ ಓದುತ್ತಾ ಮೂರು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ ಎಂದರೆ ಹೇಗೆ? ರಸ್ತೆಯಲ್ಲಿ ನಿಂತು ನೋಡುವುದಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ. ದೀಪ ಹೊತ್ತುವ ಆ ಕ್ಷಣ ತಪ್ಪಿಸಬೇಡಿ, ಹದಿನೈದು ನಿಮಿಷ ಮೊದಲೇ ಹೋಗಿ ನಿಂತುಕೊಳ್ಳಿ.

ಶ್ರೀರಂಗಪಟ್ಟಣಕ್ಕೆ ಪ್ಯಾಸೆಂಜರ್ ರೈಲಿದೆ. ಬಸ್ಸಿಗಿಂತ ಎಷ್ಟೋ ಕಡಿಮೆ, ಸಾಮಾನ್ಯ ಟಿಕೆಟ್ 10 ರೂಪಾಯಿಯಿಂದ ಶುರು. ಸ್ಟೇಷನ್ ಕೋಟೆಯೊಳಗೇ ಇದೆ, ಇಳಿದು ನಡೆದರೆ ರಂಗನಾಥಸ್ವಾಮಿ ದೇವಸ್ಥಾನ, 1799ರಲ್ಲಿ ಟಿಪ್ಪು ಸತ್ತು ಬಿದ್ದ ಜಾಗ, ಕೋಟೆಯ ಗೋಡೆ, ಕಾವೇರಿ. ಆಟೋ ಬೇಡವೇ ಬೇಡ. ರೈಲಿನ ಹೊತ್ತನ್ನು ಮಾತ್ರ ಶುಕ್ರವಾರವೇ ನೋಡಿ ಬರೆದುಕೊಳ್ಳಬೇಕು. ನೀರಿಗೆ ಇಳಿಯಬೇಡಿ, ಇದು ವಾರ್ಡನ್ ಆಗಿ ಹೇಳುತ್ತಿದ್ದೇನೆ. ಕಾವೇರಿಯ ಸೆಳೆತ ಮೇಲಿನಿಂದ ಗೊತ್ತಾಗುವುದಿಲ್ಲ.

ಹೆಣ್ಣುಮಕ್ಕಳೇ, ನಿಮಗೆ 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ಟಿಗೆ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಜೊತೆಗಿದ್ದರೆ ಆಯಿತು. ನಂಜನಗೂಡು, ಸೋಮನಾಥಪುರ, ಮೇಲುಕೋಟೆ ಎಲ್ಲ ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದು. ಮನೆಗೆ ಹೋಗಿ ಬರುವುದಕ್ಕೆ ಮಾತ್ರ ಅದನ್ನು ಬಳಸುತ್ತಿದ್ದೀರಿ. ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಗೆಳತಿಯರ ಜೊತೆ ಒಂದು ಮಧ್ಯಾಹ್ನ ಕುಳಿತು ಬನ್ನಿ.

ನಾಟಕ. ಇದರ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಎಂದುಕೊಂಡು ಬಂದಿದ್ದೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ನಮ್ಮ ಊರಿನಲ್ಲೇ ಇದೆ, ಕಲಾಮಂದಿರದ ಪಕ್ಕ. ವಾರದ ಕೊನೆಗೆ ನಾಟಕ ಇರುತ್ತದೆ. ಮಲ್ಟಿಪ್ಲೆಕ್ಸಿನಲ್ಲಿ ಸಿನಿಮಾ ಟಿಕೆಟ್ಟು, ಪಾಪ್‌ಕಾರ್ನ್ ಎರಡಕ್ಕೂ ಕೊಡುವ ದುಡ್ಡಿನಲ್ಲಿ ಇಬ್ಬರು ನಾಟಕ ನೋಡಿ ಬರಬಹುದು. ತಿಂಗಳಿಗೆ ಒಂದು ಸಲ ದುಡ್ಡು ಖರ್ಚು ಮಾಡುವುದಿದ್ದರೆ ಇದಕ್ಕೆ ಮಾಡಿ. ಗಣೇಶನ ಹಬ್ಬದಲ್ಲಿ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ರಸ್ತೆಯಲ್ಲೇ ಚಪ್ಪರ ಹಾಕಿ ದೊಡ್ಡ ದೊಡ್ಡ ವಿದ್ವಾಂಸರ ಸಂಗೀತ ಕಚೇರಿ ನಡೆಯುತ್ತದೆ, ಪುಕ್ಕಟೆ. ಅದೇ ಒಂಟಿಕೊಪ್ಪಲಿನಲ್ಲೇ ಅಲ್ವಾ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಎಂಬ ಮೇಷ್ಟ್ರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು. ಅವರೂ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರೇ. ಇವತ್ತು ಇಲ್ಲಿ ಮಾತಾಡುವಾಗ ಅವರ ನೆನಪಾಗುತ್ತಿದೆ.

ಬೇರೆ ಊರಿನಲ್ಲಿ ಓದುವವರು ನಮಗೇನು ಎನ್ನಬೇಡಿ. ಧಾರವಾಡದವರಿಗೆ ಸಾಧನಕೇರಿ ಇದೆ, ಕೆಲಗೇರಿ ಕೆರೆ ಇದೆ. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಇದೆ. ಚೀಟಿ ಎಲ್ಲ ಊರಿನಲ್ಲೂ ಬರೆಯಬಹುದು.

ಇನ್ನು ಕೊನೆಯ ಸಾಲು, ಭಾನುವಾರ ರಾತ್ರಿಯ ಊಟ. ದಯವಿಟ್ಟು ಈ ಸಾಲು ಬಿಡಬೇಡಿ. ಎರಡು ದಿನ ಜೋಪಾನ ಮಾಡಿದ ದುಡ್ಡನ್ನೆಲ್ಲ ಭಾನುವಾರ ರಾತ್ರಿ ಒಂಬತ್ತು ಗಂಟೆಯ ಹಸಿವು ತಿಂದುಹಾಕುತ್ತದೆ, ನಾನು ನೂರು ಸಲ ನೋಡಿದ್ದೇನೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಸಿಗುತ್ತದೆ. ರಾತ್ರಿ ಊಟ ಬೇಗ ಖಾಲಿಯಾಗುತ್ತದೆ, ಅರಮನೆ ದೀಪ ನೋಡಿ ನಿಧಾನವಾಗಿ ಹೋದರೆ ಸಿಗುವ ಭರವಸೆ ಇಲ್ಲ. ಅವತ್ತು ಅವಲಕ್ಕಿಯೇ ಸರಿ. ಮಾಡುವವರು ಒಂದು ನೆನಪಿಡಿ, ಕಾಯಿಯನ್ನು ಬೆಳಿಗ್ಗೆಯೇ ತುರಿದು ಕಲಸಿ ಇಡಬೇಡಿ, ಸಂಜೆಗೆ ಹಳಸುತ್ತದೆ. ಹೋಳಾಗಿಯೇ ಇಟ್ಟುಕೊಂಡು ತಿನ್ನುವ ಮುಂಚೆ ತುರಿಯಿರಿ. ಅವಲಕ್ಕಿ ಮಧ್ಯಮ ಇರಲಿ, ಪೇಪರ್ ಅವಲಕ್ಕಿ ನೀರು ಬಿದ್ದರೆ ಮುದ್ದೆಯಾಗುತ್ತದೆ. ನಾಲ್ಕು ಜನಕ್ಕೆ ಅರ್ಧ ಕಿಲೋ ಸಾಕು, ಹುಣಸೂರಿನವನಂಥವನು ಒಬ್ಬ ಇದ್ದರೆ ಮುಕ್ಕಾಲು ಕಿಲೋ ತನ್ನಿ.

ನಮಸ್ಕಾರ.